ಮೂರರ ಪಕ್ಕದ ಬಿ

ಚಳಿ ಇನ್ನೂ ಪೂರ್ತಿ ಬಿಡದ ಒಂದು ಶನಿವಾರ, ಬೆಳಗಿನ ಐದೂಮುಕ್ಕಾಲು. ಅಂಧ ಮಕ್ಕಳ ಶಾಲೆಯ ಹಿಂಬದಿಯಲ್ಲಿರುವ ಬ್ರೈಲ್ ಪ್ರೆಸ್ಸಿನ ಬಾಗಿಲು ತೆರೆದಿದೆ, ಒಳಗೆ ದೀಪವಿಲ್ಲ. ಹೊಸಬರು ನೋಡಿದರೆ ಕಳ್ಳ ನುಗ್ಗಿದ್ದಾನೆಂದು ಕೂಗಿಕೊಂಡಾರು. ಆ ಕತ್ತಲೆಯಲ್ಲೇ ಒಬ್ಬ ಹೆಂಗಸು ಮೇಜು ಒರೆಸುತ್ತಾರೆ, ಕಾಗದದ ಕಟ್ಟುಗಳನ್ನು ತಟ್ಟಿ ಅಂಚು ಸಮ ಮಾಡುತ್ತಾರೆ, ಬಲಗೈ ತೋರುಬೆರಳಿಗೆ ಹಾಕಿಕೊಂಡಿದ್ದ ಉಣ್ಣೆಯ ಗವುಸು ಕಳಚಿ ಸ್ವೆಟರಿನ ಜೇಬಿಗೆ ಸೇರಿಸುತ್ತಾರೆ. ಒಂದೇ ಬೆರಳಿಗೆ ಗವುಸು ಯಾಕೆಂದರೆ ಅವರು ಓದುವುದು ಆ ಬೆರಳಿನಲ್ಲಿ. ಚಳಿಗೆ ಅದು ಮರಗಟ್ಟಿದರೆ ಅಕ್ಷರ ಸಿಗುವುದಿಲ್ಲ.

ಇವರು ಪ್ರೆಸ್ಸಿನ ಪ್ರೂಫ್ ರೀಡರ್. ಎಲ್ಲರ ಬಾಯಲ್ಲಿ ಪ್ರೂಫಕ್ಕ. ವಯಸ್ಸು ಐವತ್ತಮೂರು, ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ದಿನಕ್ಕೆ ನೂರಿಪ್ಪತ್ತು ಪುಟ ಬೆರಳಿನಲ್ಲಿ ಓದುತ್ತಾರೆ. ತಪ್ಪು ಸಿಕ್ಕಿದ ಕಡೆ ಗುಂಡುಸೂಜಿ ಚುಚ್ಚುತ್ತಾರೆ. ಒಂದು ಪುಸ್ತಕ ಮುಗಿಯುವ ಹೊತ್ತಿಗೆ ಸೂಜಿಯ ಡಬ್ಬಿ ಅರ್ಧ ಖಾಲಿ.

ಆದರೆ ನಾನು ಬರೆಯಹೊರಟಿರುವುದು ಅವರ ಇನ್ನೊಂದು ಕೆಲಸದ ಬಗ್ಗೆ. ಅದಕ್ಕೆ ಹುದ್ದೆಯಿಲ್ಲ, ರಿಜಿಸ್ಟರಿನಲ್ಲಿ ಸಾಲಿಲ್ಲ. ಪ್ರೆಸ್ಸಿನ ಹಳೇ ಕಂಪ್ಯೂಟರಿಗೆ ಯಾವ ತಂತ್ರಾಂಶ ಎಲ್ಲಿಂದ ಬರಬೇಕು ಎಂಬ ಪಟ್ಟಿಯನ್ನು ಹತ್ತು ವರ್ಷದಿಂದ ಬರೆದು ಕಾಪಾಡುತ್ತಿರುವವರು ಇವರೇ.

ಆ ಶನಿವಾರ ಅವರು ಎಂದಿನಂತೆ ಇಯರ್‌ಫೋನನ್ನು ಎಡಗಿವಿಗೆ ಸಿಕ್ಕಿಸಿ ಕಂಪ್ಯೂಟರಿನ ಗುಂಡಿ ಒತ್ತಿದರು. ಪರದೆಯ ಮೇಲೆ ಬಂದದ್ದನ್ನೆಲ್ಲ ಓದಿ ಹೇಳುವ ಒಂದು ದನಿ ಅದರೊಳಗಿದೆ. ಆ ದನಿ ಬರಲಿಲ್ಲ. ಡಬ್ಬದ ಹೊಟ್ಟೆಯಿಂದ ಟಿಕ್, ಟಿಕ್ ಎಂದು ಹಲ್ಲಿ ಲೊಚಗುಟ್ಟುವಂಥ ಸದ್ದು ಮಾತ್ರ ಬಂತು.

ಅಷ್ಟರಲ್ಲಿ ಆಪರೇಟರ್ ಬಂದ. ನಲವತ್ತೈದು ದಾಟಿದವನು, ದಪ್ಪ ಮೀಸೆಯವನು. "ಮೀಸೆ ಇದೆಯಂತೆ, ನಾನು ನೋಡಿಲ್ಲ, ಊರವರ ಮಾತು ನಂಬಿದೀನಿ" ಎಂದು ಪ್ರೂಫಕ್ಕ ರೇಗಿಸುವುದುಂಟು. ಅವನನ್ನು ಕರೆಯುವುದೂ ಮೀಸೆ ಎಂದೇ.

"ಯಾಕಕ್ಕ, ಲೈಟ್ ಹಾಕ್ಕೊಂಡಿಲ್ಲ?"

"ಹಾಕ್ಕೋ, ಬೇಕಾಗಿರೋದು ನಿನಗೆ. ಈ ಪ್ರೆಸ್ಸಲ್ಲಿ ಕರೆಂಟ್ ಸುಡೋರು ಕಣ್ಣಿರೋರು ಮಾತ್ರ. ಮೀಸೆ, ಇಲ್ಲಿ ಬಾ. ಈ ಸದ್ದು ಕೇಳು."

ಅವನು ಬಗ್ಗಿ ಕೇಳಿದ. ಪರದೆ ನೋಡಿದ. ಮೀಸೆಯ ತುದಿ ಕಚ್ಚಿಕೊಂಡ. "ಹಾರ್ಡ್ ಡಿಸ್ಕ್ ಹೋಯ್ತು ಅಕ್ಕ" ಎಂದ.

*

ಹೋದದ್ದು ಏನು, ಉಳಿದದ್ದು ಏನು ಎಂದು ಇಲ್ಲೇ ಹೇಳಿಬಿಡಬೇಕು. ಪುಸ್ತಕಗಳ ಪಠ್ಯವೆಲ್ಲ ಆಪರೇಟರಿನ ಪೆನ್‌ಡ್ರೈವಿನಲ್ಲಿ ಕ್ಷೇಮವಾಗಿತ್ತು. ಹೋದದ್ದು ಪಠ್ಯವನ್ನು ಬ್ರೈಲ್ ಚುಕ್ಕಿಗಳಾಗಿ ಬದಲಿಸುವ ತಂತ್ರಾಂಶ, ಆ ಚುಕ್ಕಿಗಳನ್ನು ದಪ್ಪ ಕಾಗದಕ್ಕೆ ಚುಚ್ಚುವ ಎಂಬೋಸರ್ ಯಂತ್ರವನ್ನು ನಡೆಸುವ ತಂತ್ರಾಂಶ, ಮತ್ತು ಪ್ರೂಫಕ್ಕನಿಗೆ ಓದಿ ಹೇಳುವ ದನಿ. ಎಂಬೋಸರಿನ ವಯಸ್ಸು ಇಪ್ಪತ್ತೆರಡು. ಅದರ ದಪ್ಪ ತಂತಿ ಕೂರುವ ಜಾಗ ಇರುವುದು ಈ ಹಳೇ ಕಂಪ್ಯೂಟರಿನಲ್ಲಿ ಮಾತ್ರ. ಮ್ಯಾನೇಜರ್ ಕೋಣೆಯ ಹೊಸ ಕಂಪ್ಯೂಟರಿಗೆ ಅಂಥ ತೂತೇ ಇಲ್ಲ. ಹಳೇ ಕಂಪ್ಯೂಟರಿಗೋ, ಅದನ್ನು ನಡೆಸುವ ಲಿನಕ್ಸ್ ಎಂಬ ಮೂಲ ತಂತ್ರಾಂಶದ ಹಳೇ ಆವೃತ್ತಿಯೊಂದನ್ನು ಬಿಟ್ಟು ಬೇರೆ ಯಾವುದೂ ಒಗ್ಗುವುದಿಲ್ಲ. ಅತ್ತೆಗೆ ಸೊಸೆಯೇ ಆಗಬೇಕು, ಸೊಸೆಗೆ ಅತ್ತೆಯೇ ಆಗಬೇಕು, ಅಂಥ ಜೋಡಿ.

ಅವತ್ತು ಚುಚ್ಚುತ್ತಿದ್ದದ್ದು ಗಣಿತದ ಪುಸ್ತಕ. ಪಠ್ಯ ಬದಲಾಗಿತ್ತು, ಹಳೇ ಪುಸ್ತಕ ಉಪಯೋಗಕ್ಕಿಲ್ಲ. ನಾಲ್ಕು ಶಾಲೆಗಳಲ್ಲಿ ಸೇರಿ ಮೂವತ್ತೊಂದು ಅಂಧ ಮಕ್ಕಳು ಈ ವರ್ಷ ದೊಡ್ಡ ಪರೀಕ್ಷೆಗೆ ಕೂರುವವರು. ಪರೀಕ್ಷಾ ಕಚೇರಿಯವರು ಖಡಾಖಂಡಿತವಾಗಿ ಹೇಳಿದ್ದರು. ಬರುವ ಶುಕ್ರವಾರದೊಳಗೆ ಪುಸ್ತಕದ ಮೊದಲ ಸಂಪುಟವಾದರೂ ಮಕ್ಕಳ ಕೈಯಲ್ಲಿರಬೇಕು. ಇಲ್ಲದಿದ್ದರೆ ಮೂವತ್ತೊಂದು ಜನಕ್ಕೂ ಗಣಿತ ತೆಗೆದು ಸುಲಭದ ಬೇರೆ ವಿಷಯ ಬರೆದುಕೊಳ್ಳಲಾಗುವುದು. ಕಚೇರಿಯವರು ಇದನ್ನು ಉಪಕಾರ ಎಂದೇ ತಿಳಿದಿದ್ದರು.

ಆ ಉಪಕಾರದ ರುಚಿ ಪ್ರೂಫಕ್ಕನಿಗೆ ಗೊತ್ತು. ನಾಲ್ಕನೇ ವಯಸ್ಸಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತು. ಅವರ ತಾಯಿ ಬಟ್ಟೆ ಹೊಲಿಯುತ್ತಿದ್ದರು. ಅಳತೆಯ ಟೇಪಿಗೆ ಇಂಚಿಗೊಂದು ದಾರದ ಗಂಟು ಹಾಕಿ ಮಗಳ ಕೈಗೆ ಕೊಟ್ಟರು. ಹುಡುಗಿ ಆ ಗಂಟಿನ ಮೇಲೆ ಕೂಡುವುದು ಕಳೆಯುವುದು ಕಲಿತಳು. ಗಿರಾಕಿಯ ತೋಳು ಎಷ್ಟು, ಬಟ್ಟೆ ಎಷ್ಟು ಮಿಗುತ್ತದೆ ಎಂದು ತಾಯಿಗಿಂತ ಮೊದಲೇ ಹೇಳುತ್ತಿದ್ದಳು. ಶಾಲೆಯಲ್ಲಿ ಎಂಟನೇ ತರಗತಿಗೆ ಬಂದಾಗ ಗಣಿತದ ಬ್ರೈಲ್ ಪುಸ್ತಕ ಇಲ್ಲ ಎಂದು ಆ ಪಾಠದ ಹೊತ್ತಿಗೆ ಅವಳನ್ನು ಹಾಡಿನ ಕ್ಲಾಸಿಗೆ ಕಳಿಸಿದರು.

"ನನ್ನ ಕಂಠ ಕೇಳಿದೀರಲ್ಲ" ಎನ್ನುತ್ತಾರೆ ಪ್ರೂಫಕ್ಕ. "ಅದು ಲೆಕ್ಕಕ್ಕೂ ಅನ್ಯಾಯ, ಹಾಡಿಗೂ ಅನ್ಯಾಯ. ಹಾಡಿನ ಮೇಷ್ಟ್ರು ಪಾಪ, ನೀನು ತಾಳ ಹಾಕಮ್ಮ ಸಾಕು ಅಂತಿದ್ರು. ಪಕ್ಕದ ಕೋಣೇಲಿ ಸ್ವಲ್ಪ ಕಣ್ಣು ಕಾಣೋ ಮಕ್ಕಳಿಗೆ ಲೆಕ್ಕ ಹೇಳಿಕೊಡೋರು. ನಾನು ತಾಳ ಹಾಕ್ತಾ ಹಾಕ್ತಾ ಅಲ್ಲಿನ ಉತ್ತರ ಹೇಳ್ಕೊತಿದ್ದೆ, ಮನಸ್ಸಲ್ಲೇ. ಮುಕ್ಕಾಲುಪಾಲು ಸರಿ ಇರೋದು. ಯಾರಿಗೆ ಹೇಳೋಣ?"

*

ಹನ್ನೆರಡು ವರ್ಷದ ಹಿಂದೆ ಈ ಲಿನಕ್ಸ್ ಪ್ರೆಸ್ಸಿಗೆ ಬಂದ ದಿನ ನನಗೆ ನೆನಪಿದೆ. ನಾನಾಗ ಅಲ್ಲಿ ಬೈಂಡರ್. ಒಬ್ಬ ಇಂಜಿನಿಯರ್ ಬಂದು ಎರಡು ದಿನ ಕೂತು ಎಲ್ಲ ಹಾಕಿಕೊಟ್ಟ. ಹೋಗುವಾಗ ಕಾಗದದ ಮೇಲೆ ಏನೇನೋ ಗೀಚಿ, ತೊಂದರೆಯಾದರೆ ಇದನ್ನು ನೋಡಿ ಎಂದ. ಪ್ರೂಫಕ್ಕ ಆಪರೇಟರನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದೇ ಅಕ್ಷರ ಓದಿಸಿ ಅಷ್ಟನ್ನೂ ಬ್ರೈಲಿನಲ್ಲಿ ಚುಚ್ಚಿಕೊಂಡರು. ಇಂಜಿನಿಯರಿನ ಎರಡು ಪುಟ ಬ್ರೈಲಿನಲ್ಲಿ ಹನ್ನೊಂದು ಹಾಳೆಯಾಯಿತು. ಅದನ್ನು ಹೊಲಿದು ರಟ್ಟು ಹಾಕಿದವನು ನಾನು.

ಆ ಹಾಳೆಗಳಿಂದ ಅವರಿಗೆ ತಿಳಿದದ್ದು ಇಷ್ಟು. ಈ ಕಂಪ್ಯೂಟರಿಗೆ ಬೇಕಾದ ತಂತ್ರಾಂಶಗಳು ಪೊಟ್ಟಣಗಳಾಗಿ ದೂರದ ಉಗ್ರಾಣಗಳಲ್ಲಿ ಇರುತ್ತವೆ, ಪ್ಯಾಕೇಜು ಎನ್ನುತ್ತಾರೆ. ಯಾವ ಉಗ್ರಾಣದಿಂದ ತರಬೇಕು ಎಂದು ಒಂದು ಚಿಕ್ಕ ಪಟ್ಟಿಯಲ್ಲಿ ಬರೆದಿಡಬೇಕು. ಒಂದೊಂದು ಉಗ್ರಾಣಕ್ಕೆ ಒಂದೊಂದು ಸಾಲು. ಸಾಲಿನಲ್ಲಿ ಮೊದಲು ಎಂಥ ಪೊಟ್ಟಣ, ಆಮೇಲೆ ವಿಳಾಸ, ಆಮೇಲೆ ಆವೃತ್ತಿಯ ಹೆಸರು, ಕೊನೆಗೆ ಉಗ್ರಾಣದ ಯಾವ ಕೋಣೆ. ಒಂದು ಜಾಗ ಬಿಡದೆ ಹೋದರೆ, ಒಂದು ಚುಕ್ಕೆ ತಪ್ಪಿದರೆ ಪೊಟ್ಟಣ ಬರುವುದಿಲ್ಲ. ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿದರೆ ಕಂಪ್ಯೂಟರ್ ಆ ಸಾಲನ್ನು ಓದದೆ ಮುಂದೆ ಹೋಗುತ್ತದೆ. "ಮಲಗಿಸಿದ ಸಾಲು" ಎನ್ನುತ್ತಾರೆ ಪ್ರೂಫಕ್ಕ. ಬೇಕಾದಾಗ ಹ್ಯಾಶ್ ತೆಗೆದು ಎಬ್ಬಿಸುತ್ತಾರೆ.

"ಪರದೆ ಮೇಲಿನ ಚಿತ್ರ ನೋಡಿ ಒತ್ತೋ ಕೆಲಸ ಆಗಿದ್ರೆ ನಾನು ಸೋಲ್ತಿದ್ದೆ" ಎನ್ನುತ್ತಾರೆ. "ಇದು ಸಾಲು. ಸಾಲಲ್ಲಿ ತಪ್ಪು ಹುಡುಕೋದು ನನ್ನ ಕಸುಬು. ಕಣ್ಣಿರೋರು ಸಾಲನ್ನ ಒಟ್ಟಿಗೆ ನುಂಗ್ತಾರೆ, ಕಲ್ಲು ಇದ್ರೆ ಗೊತ್ತಾಗಲ್ಲ. ನಾನು ಒಂದೊಂದೇ ಅಗೀತೀನಿ."

ಇಂಜಿನಿಯರ್ ಆವೃತ್ತಿಯ ಜಾಗದಲ್ಲಿ ಸ್ಟೇಬಲ್ ಎಂದು ಬರೆದು ಹೋಗಿದ್ದ. ಸ್ಟೇಬಲ್ ಎಂದರೆ ಸ್ಥಿರ, ಒಳ್ಳೆಯದೇ ಆಯಿತು ಎಂದು ಎಲ್ಲರೂ ಸುಮ್ಮನಿದ್ದರು. ಎರಡನೇ ವರ್ಷ ಒಂದು ಬೆಳಗ್ಗೆ ಕಂಪ್ಯೂಟರ್ ತಾನಾಗಿ ಹೊಸ ಆವೃತ್ತಿಯ ಪೊಟ್ಟಣ ತರಿಸಿಕೊಂಡು ಅರ್ಧದಲ್ಲಿ ಉಸಿರುಕಟ್ಟಿ ಕೂತಿತು. ಮೂರು ದಿನ ಪಟ್ಟಿಯನ್ನು ತಡಕಾಡಿ ಕಾರಣ ಹಿಡಿದವರು ಪ್ರೂಫಕ್ಕ.

"ಆ ಪದ ನಮ್ಮ ಮ್ಯಾನೇಜರ್ ಕುರ್ಚಿ ಇದ್ದ ಹಾಗೆ" ಎಂದು ಅವರು ಆಗ ಎಲ್ಲರಿಗೂ ಬಿಡಿಸಿ ಹೇಳಿದ್ದರು. "ಹಲಗೆ ಮೇಲೆ ಮ್ಯಾನೇಜರ್ ಅಂತಲೇ ಇರುತ್ತೆ, ಒಳಗೆ ಕೂತೋರು ಬದಲಾಗ್ತಾ ಇರ್ತಾರೆ. ನಮಗೆ ಬೇಕಾಗಿರೋದು ಕುರ್ಚಿ ಅಲ್ಲ, ಮನುಷ್ಯ. ಆವೃತ್ತಿಯ ಸ್ವಂತ ಹೆಸರೇ ಬರೀಬೇಕು."

ಅಂದಿನಿಂದ ಪಟ್ಟಿ ಅವರ ಕೈಗೆ ಬಂತು. ಹತ್ತು ವರ್ಷ ಒಂದು ದಿನವೂ ಆ ಕಾರಣಕ್ಕೆ ಪ್ರೆಸ್ ನಿಂತಿಲ್ಲ. ನಿಲ್ಲದೆ ಇರುವುದನ್ನು ಯಾರು ಗಮನಿಸುತ್ತಾರೆ?

*

ಭಾನುವಾರ ಆಪರೇಟರ್ ಹೊಸ ಡಿಸ್ಕ್ ತಂದು ಕೂರಿಸಿದ. ಸೋಮವಾರ ಬೆಳಗ್ಗೆ ಹಳೇ ಸಿಡಿಯಿಂದ ಲಿನಕ್ಸ್ ಹಾಕಿದರು. ಬರಿಯ ಅಡಿಪಾಯ ಅದು, ದನಿಯೂ ಇಲ್ಲ, ಚುಕ್ಕಿಯೂ ಇಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಪ್ರೂಫಕ್ಕ ಕಿವಿಯಿಲ್ಲದೆ ಆ ಯಂತ್ರದ ಮುಂದೆ ಕೂತರು. ಆಪರೇಟರ್ ಪರದೆ ಓದಿ ಹೇಳಬೇಕು, ಇವರು ಹೇಳಿದ್ದನ್ನು ಅವನು ಒತ್ತಬೇಕು.

"ಸಿಡಿ ಹಾಕು ಅಂತ ಕೇಳ್ತಾ ಇದೆ ಅಕ್ಕ. ಹಾಕಿದೀನಿ, ಮತ್ತೂ ಕೇಳುತ್ತೆ."

"ಪಟ್ಟಿ ತೆಗಿ. ಮೊದಲನೇ ಸಾಲು ಸಿಡಿಯದ್ದೇ ಇರುತ್ತೆ. ಅದರ ಮುಂದೆ ಹ್ಯಾಶ್ ಹಾಕಿ ಮಲಗಿಸು."

"ಮಲಗಿಸಿದೆ."

"ಜೋಗುಳ ಹಾಡಬೇಡ, ಮುಂದಿಂದು ಓದು."

ಮುಂದಿನದು ಮಾಮೂಲಿ ಉಗ್ರಾಣದ ವಿಳಾಸ. ಅಲ್ಲಿಂದ ಈ ಆವೃತ್ತಿಯನ್ನು ತೆಗೆದು ಎಷ್ಟೋ ವರ್ಷವಾಗಿತ್ತು. ಹಳತನ್ನು ಜೋಪಾನ ಮಾಡಿದ ದೂರದ ಉಗ್ರಾಣವೊಂದು ಇದ್ದರೂ ಎಂಬೋಸರಿನ ಪ್ಯಾಕೇಜು ಅಲ್ಲಿಲ್ಲ. ಅದನ್ನು ಕಟ್ಟಿದ್ದು ಬೇರೊಂದು ಊರಿನ ಕಾಲೇಜಿನ ಲ್ಯಾಬಿನಲ್ಲಿ. ಆ ಲ್ಯಾಬಿನ ಹಿರಿಯ ಅಟೆಂಡರೊಬ್ಬರು ಹಳೇ ಆವೃತ್ತಿಯ ಪೂರ್ತಿ ನಕಲನ್ನೂ ಅದರ ಜೊತೆ ಈ ಪ್ಯಾಕೇಜನ್ನೂ ಒಂದು ಮೂಲೆಯ ಕಂಪ್ಯೂಟರಿನಲ್ಲಿ ಉಳಿಸಿಕೊಂಡಿದ್ದರು. ಇಂಥ ನಕಲು ಉಗ್ರಾಣಕ್ಕೆ ಈ ಕಸುಬಿನವರು ಕನ್ನಡಿ ಎನ್ನುತ್ತಾರೆ.

"ನನ್ನ ಜನ್ಮಕ್ಕೆ ಕೆಲಸಕ್ಕೆ ಬಂದ ಕನ್ನಡಿ ಅಂದ್ರೆ ಅದೊಂದೇ" ಎಂದು ಪ್ರೂಫಕ್ಕ ಈಗ ನಗುತ್ತಾರೆ.

ಸೋಮವಾರ ಸಂಜೆ ಅಟೆಂಡರಿಗೆ ಫೋನು ಮಾಡಿದರು. ಲ್ಯಾಬಿನ ಮೇಜಿನ ಮೇಲಿರುವ ಫೋನು ಅದು, ಗರಗರ ಎನ್ನುತ್ತಿತ್ತು. ಕನ್ನಡಿ ಜಾಗ ಬದಲಿಸಿದೆ, ಹಳೇ ವಿಳಾಸ ಆಗುವುದಿಲ್ಲ, ಹೊಸದು ಬರೆದುಕೊಳ್ಳಿ ಎಂದು ಅವರು ನಿಧಾನವಾಗಿ ಹೇಳಿದರು. ಪ್ರೂಫಕ್ಕ ಫೋನನ್ನು ಭುಜ ಕಿವಿಗಳ ನಡುವೆ ಅಮುಕಿಕೊಂಡು ಬ್ರೈಲ್ ಸ್ಲೇಟಿನ ಮೇಲೆ ಚುಚ್ಚಿಕೊಂಡರು. ಹೇಳಿ ಮುಗಿಸಿ ಅಟೆಂಡರ್ ಅಂದರು, "ನಾಳೆ ನಾಡಿದ್ದು ಕಾಲೇಜಿಗೆ ರಜಾ ಕಣಮ್ಮ. ಗುರುವಾರ ಸಿಗ್ತೀನಿ."

ಮಂಗಳವಾರ ಬೆಳಗ್ಗೆ ಹಾಳೆಯ ಮೇಲೆ ಬೆರಳಾಡಿಸಿ ವಿಳಾಸ ಹೇಳಿದರು. ಆಪರೇಟರ್ ಒತ್ತಿದ. "ನಾಲ್ಕುನೂರ ನಾಲ್ಕು ಅಂತಿದೆ. ಹಾಗಂದ್ರೆ ಇಲ್ಲ ಅಂತ." ಮತ್ತೆ ಹೇಳಿದರು, ಮತ್ತೆ ಒತ್ತಿದ. ಉಗ್ರಾಣದ ಹೊರಬಾಗಿಲು ತೆರೆಯುತ್ತಿತ್ತು, ಒಳಗೆ 'ಲ್ಯಾಬ್ ಮೂವತ್ತೆರಡು' ಎಂಬ ಕೋಣೆ ಮಾತ್ರ ಸಿಗುತ್ತಿರಲಿಲ್ಲ. ಆವೃತ್ತಿಯ ಹೆಸರು ಬದಲಿಸಿ ನೋಡಿದರು. ಕೊನೆಯ ಓರೆಗೆರೆ ತೆಗೆದು ನೋಡಿದರು, ಹಾಕಿ ನೋಡಿದರು. ಆ ಒಂದು ದಿನದಲ್ಲಿ ನಲವತ್ತು ಸಲ ನಾಲ್ಕುನೂರ ನಾಲ್ಕು.

"ಅಕ್ಕ, ಅವರು ಹೇಳಿದ್ದು ನೀವು ಸರಿಯಾಗಿ ಕೇಳಿಸಿಕೊಂಡ್ರಾ?"

"ನಾನು ಕಿವಿ ನಂಬೋದು ಬಿಟ್ಟು ಕಾಲ ಆಯ್ತು. ಬೆರಳಿಗೆ ಏನು ಸಿಗುತ್ತೋ ಅದೇ. ಮೂವತ್ತೆರಡು ಅಂತ ನಾನೇ ಚುಚ್ಚಿದೀನಿ."

ಮನೆಯಲ್ಲಿ ಯಜಮಾನರು ಬೇಕರಿಯ ಒಲೆ ಕೆಲಸದವರು. ಮಂಗಳವಾರ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಮುಖ ನೋಡಿ ಅವರಿಗೆ ತಿಳಿಯಿತು. "ನಿನ್ನ ಉಗ್ರಾಣದೋರು ಬಾಗಿಲು ತೆಗೀಲಿಲ್ವಾ? ನಮ್ಮ ಬೇಕರಿಗೆ ಹೇಳು, ಎರಡು ಗಂಟೆ ಮುಂಚೆ ಹೇಳಿದ್ರೆ ಎಲ್ಲ ಪೊಟ್ಟಣ ಕಟ್ಟಿಕೊಡ್ತೀವಿ" ಎಂದರು. ಪ್ರೂಫಕ್ಕ ನಗಲಿಲ್ಲ. ಎಂಬತ್ತರ ತಾಯಿ ಮೂಲೆಯಿಂದ, "ಅಳತೆ ತಪ್ಪಿದ್ರೆ ಬಟ್ಟೆ ಮೇಲೆ ಸಿಟ್ಟು ಮಾಡ್ಕೋಬೇಡ, ಟೇಪು ನೋಡು" ಎಂದರಂತೆ. ಅದನ್ನೂ ಪ್ರೂಫಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ.

*

ಬುಧವಾರ ಮಧ್ಯಾಹ್ನ ಮೂರೂವರೆಗೆ ಮ್ಯಾನೇಜರ್ ಒಳಗೆ ಬಂದರು. ಕೆಟ್ಟ ಮನುಷ್ಯರಲ್ಲ. ಕೈಯಲ್ಲಿ ಪತ್ರ ಇತ್ತು. ಅನಿವಾರ್ಯ ಕಾರಣಗಳಿಂದ ಗಣಿತ ಪುಸ್ತಕ ಒದಗಿಸಲು ಆಗುತ್ತಿಲ್ಲ, ಮೂವತ್ತೊಂದು ವಿದ್ಯಾರ್ಥಿಗಳಿಗೆ ಬದಲಿ ವಿಷಯ ಕೊಡುವುದು, ಎಂದು ಅದರಲ್ಲಿ ಬರೆದಿತ್ತು.

"ನಿಮ್ಮ ತಪ್ಪಲ್ಲ ಬಿಡಿಯಮ್ಮ. ಯಂತ್ರ ಅಂದ್ಮೇಲೆ ಹೀಗೇ. ಇವತ್ತು ಸರಿಹೋಗದಿದ್ರೆ ಶುಕ್ರವಾರಕ್ಕೆ ಪುಸ್ತಕ ಆಗಲ್ಲ. ಕಚೇರಿ ಮುಚ್ಚೋದರೊಳಗೆ ಕಳಿಸಿಬಿಡ್ತೀನಿ."

"ಎಷ್ಟು ಹೊತ್ತಿಗೆ ಮುಚ್ಚುತ್ತೆ ಸಾರ್?"

"ಐದೂವರೆ."

"ಹಂಗಾದ್ರೆ ಐದು ಗಂಟೆವರೆಗೆ ಆ ಪತ್ರ ನಿಮ್ಮ ಕೈಲೇ ಇರಲಿ."

ಮ್ಯಾನೇಜರ್ ಗೋಡೆಗೆ ಒರಗಿಸಿದ್ದ ಕುರ್ಚಿ ಎಳೆದು ಕೂತರು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಪ್ರೂಫಕ್ಕ ಮೇಜಿನ ಮೇಲಿದ್ದ ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಡಿಸ್ಕ್ ಸಾಯುವ ಹಿಂದಿನ ದಿನ ಚುಚ್ಚಿದ ಗಣಿತದ ನಲವತ್ತು ಪುಟ, ಪ್ರೂಫ್ ನೋಡದೆ ಉಳಿದದ್ದು. ಓದತೊಡಗಿದರು. ಎರಡು ಕಡೆ ಸೂಜಿ ಚುಚ್ಚಿದರು. ಆಮೇಲೆ ಅಭ್ಯಾಸಬಲದಿಂದ ಆಪರೇಟರಿಗೆ ಹೇಳಿದರು.

"ಬರ್ಕೋ ಮೀಸೆ. ಹದಿನೇಳನೇ ಪುಟ, ಆರನೇ ಸಾಲು. ಮೂವತ್ತೆರಡು ಅಂತ ಬಿದ್ದಿದೆ. ಮೂರು ಬಿ ಆಗಬೇಕು. ಅಕ್ಷರದ ಗುರುತು ಬಿಟ್ಟು ಹೋ…"

ಮಾತು ಅಲ್ಲೇ ನಿಂತಿತು. ಸೂಜಿ ಹಿಡಿದ ಕೈಯೂ ನಿಂತಿತು.

ಬ್ರೈಲ್ ತಿಳಿಯದವರಿಗೆ ಇಲ್ಲಿ ಒಂದು ಮಾತು. ಬ್ರೈಲಿನಲ್ಲಿ ಅಂಕಿಗೆಂದು ಬೇರೆ ಚುಕ್ಕಿಗಳಿಲ್ಲ. ಬಿ ಎಂಬ ಇಂಗ್ಲಿಷ್ ಅಕ್ಷರಕ್ಕೂ ಎರಡು ಎಂಬ ಅಂಕಿಗೂ ಅವೇ ಚುಕ್ಕಿ, ಒಂದರ ಕೆಳಗೊಂದು, ಎರಡು. ಮುಂದೆ ಅಂಕಿಯ ಗುರುತು ಇದ್ದರೆ ಆಮೇಲೆ ಬರುವುದೆಲ್ಲ ಅಂಕಿ. ಅಂಕಿ ಮುಗಿದು ಅಕ್ಷರ ಬರುವುದಾದರೆ ನಡುವೆ 'ಇನ್ನು ಅಕ್ಷರ' ಎಂದು ಹೇಳುವ ಇನ್ನೊಂದು ಗುರುತು ಹಾಕಬೇಕು. ಅದನ್ನು ಮರೆತರೆ ಮೂರು ಬಿ ಹೋಗಿ ಮೂವತ್ತೆರಡು ಆಗುತ್ತದೆ. ಕಣ್ಣಿನಲ್ಲಿ ಓದುವವರು ಈ ತಪ್ಪು ಮಾಡಬೇಕೆಂದರೂ ಮಾಡಲಾರರು. ಬೆರಳಿನಲ್ಲಿ ಓದುವವರಲ್ಲಿ ಇದೇ ಎಲ್ಲಕ್ಕಿಂತ ಮಾಮೂಲಿ ತಪ್ಪು. ಇಪ್ಪತ್ತಾರು ವರ್ಷದಲ್ಲಿ ಈ ತಪ್ಪಿಗೆ ಪ್ರೂಫಕ್ಕ ಚುಚ್ಚಿದ ಸೂಜಿ ಸಾವಿರಕ್ಕೆ ಕಡಿಮೆಯಿಲ್ಲ, ಎಲ್ಲ ಬೇರೆಯವರ ಪುಟದಲ್ಲಿ.

ಅವರು ವಿಳಾಸದ ಹಾಳೆ ಹುಡುಕಿ ತೆಗೆದರು. ಬೆರಳು ಇಟ್ಟರು. ಅಂಕಿ ಗುರುತು, ಮೂರು, ಅದರ ಪಕ್ಕದಲ್ಲೇ ಒಂದರ ಕೆಳಗೊಂದು ಎರಡು ಚುಕ್ಕಿ. ನಡುವೆ ಏನೂ ಇಲ್ಲ.

"ಮೀಸೆ" ಎಂದರು, ತಣ್ಣಗೆ. "ಮೂವತ್ತೆರಡು ಅಳಿಸು. ಮೂರು ಒತ್ತು. ಅದರ ಪಕ್ಕ ಬಿ ಒತ್ತು. ಸಣ್ಣ ಬಿ."

ಅವನು ಒತ್ತಿದ. ಪರದೆಯ ಮೇಲೆ ಸಾಲುಗಳು ಇರುವೆ ಸಾಲಿನಂತೆ ಹರಿಯತೊಡಗಿದವು. ಅವನು ಓದಿ ಹೇಳಲಿಲ್ಲ. ಅವರು ಕಾದರು.

"ಯಾಕೋ, ಬಾಯಿಗೆ ಬೀಗ ಬಿತ್ತಾ?"

"ಬಂತು ಅಕ್ಕ" ಎಂದ ಮೀಸೆ. "ಉಗ್ರಾಣ ಸಿಕ್ತು."

ಆದರೂ ಇನ್ನೊಂದು ತಡೆ ಇತ್ತು. ಉಗ್ರಾಣದ ಬಾಗಿಲಲ್ಲಿ ಒಂದು ಪಟ್ಟಿ ಇರುತ್ತದೆ, ಒಳಗೆ ಏನೇನಿದೆ ಎಂದು ಹೇಳುವ ಪಟ್ಟಿ. ಕಟ್ಟಿದವರ ಸಹಿ ಅದಕ್ಕಿರುತ್ತದೆ, ಇಷ್ಟು ದಿನ ಚಾಲ್ತಿ ಎಂಬ ತಾರೀಖೂ ಇರುತ್ತದೆ. ಹಳೇ ಉಗ್ರಾಣವಾದ್ದರಿಂದ ತಾರೀಖು ಯಾವಾಗಲೋ ತೀರಿತ್ತು. ಅವಧಿ ಮುಗಿದಿದೆ, ತರುವುದಿಲ್ಲ ಎಂದಿತು ಕಂಪ್ಯೂಟರ್.

ಮ್ಯಾನೇಜರ್ ಕುರ್ಚಿಯ ತುದಿಗೆ ಬಂದಿದ್ದರು. "ಏನೂ ನೋಡಬೇಡ, ಎಲ್ಲ ನಂಬು ಅಂತ ಒಂದು ಒತ್ತಿದ್ರೆ ಆಗುತ್ತಂತಲ್ಲ, ಒತ್ತಿಬಿಡಿ ಅತ್ಲಾಗೆ. ನಾಲ್ಕೂಕಾಲಾಯ್ತು."

"ಅದು ಬೇಡ ಸಾರ್. ತಾರೀಖು ನೋಡಬೇಡ ಅಂತ ಹೇಳೋಕೆ ಬೇರೆ ಸಾಲಿದೆ. ಹಳೇದಕ್ಕೆ ತಾರೀಖು ತೀರೋದು ಸಹಜ. ಸಹಿ ನೋಡಬೇಡ ಅಂತ ಮಾತ್ರ ನಾನು ಹೇಳಲ್ಲ. ಸಹಿ ಇಲ್ಲದ ಪೊಟ್ಟಣ ಮಕ್ಕಳ ಪುಸ್ತಕಕ್ಕೆ ಕೈ ಹಾಕಬಾರದು."

ಆ ಸಾಲು ಅವರಿಗೆ ಬಾಯಿಪಾಠ. ಹೇಳಿದರು, ಅವನು ಬರೆದ. ಕಂಪ್ಯೂಟರ್ ಸಹಿ ನೋಡಿತು, ಒಪ್ಪಿತು.

"ಮೊದಲು ಯಾವುದು ತರಿಸಲಿ ಅಕ್ಕ? ನಿಮ್ಮ ದನಿ ಹಾಕಿಬಿಡ್ಲಾ?"

"ನನ್ನ ಕಿವಿ ಆಮೇಲೆ. ಮೊದಲು ಚುಕ್ಕಿ."

ಅರವತ್ತೊಂದು ಪ್ಯಾಕೇಜು, ಇಪ್ಪತ್ತೆರಡು ನಿಮಿಷ. ನಾಲ್ಕೂಮುಕ್ಕಾಲು ದಾಟುತ್ತಿದ್ದಂತೆ ಐದು ದಿನದಿಂದ ಸುಮ್ಮನಿದ್ದ ಎಂಬೋಸರ್ ಗಟಗಟನೆ ಶುರು ಮಾಡಿತು. ಆ ಸದ್ದು ಗೊತ್ತಿಲ್ಲದವರಿಗೆ ಕಲ್ಲು ಒಡೆಯುವ ಯಂತ್ರದಂತೆ ಕೇಳುತ್ತದೆ. ಪಕ್ಕದ ಹಾಸ್ಟೆಲಿನಿಂದ ಮಕ್ಕಳು ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಮೊದಲ ಹಾಳೆಯನ್ನು ಆಪರೇಟರ್ ಹರಿದು ಪ್ರೂಫಕ್ಕನ ಮುಂದಿಟ್ಟ. ಹದಿನೇಳನೇ ಪುಟವನ್ನೇ ತಿದ್ದಿ ಹೊಡೆದಿದ್ದ. ಅವರು ಆರನೇ ಸಾಲಿಗೆ ಬೆರಳು ತಂದು ನಿಲ್ಲಿಸಿದರು.

"ಮೂರು ಬಿ" ಎಂದರು. "ಸಾರ್, ಆ ಪತ್ರ."

ಮ್ಯಾನೇಜರ್ ಪತ್ರವನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡಿದ್ದರು. "ಯಾವ ಪತ್ರ?" ಎಂದರು.

*

ಗುರುವಾರ ಬೆಳಗ್ಗೆ ಆರಕ್ಕೆ ಯಂತ್ರ ಶುರುವಾಯಿತು. ಒಂದು ಸಂಪುಟಕ್ಕೆ ಎಂಬತ್ತೆಂಟು ಹಾಳೆ, ಮೂವತ್ತೊಂದು ಪ್ರತಿ, ಒಟ್ಟು ಎರಡು ಸಾವಿರದ ಏಳುನೂರ ಇಪ್ಪತ್ತೆಂಟು. ಆ ಗುಣಾಕಾರವನ್ನು ಪ್ರೂಫಕ್ಕ ಮನಸ್ಸಿನಲ್ಲೇ ಮಾಡಿದರು, ಆಪರೇಟರ್ ಮೊಬೈಲಿನಲ್ಲಿ ಮಾಡಿದ, ಅವನದು ತಡವಾಯಿತು. ಗಂಟೆಗೆ ಮುನ್ನೂರು ಹಾಳೆಯಂತೆ ಮಧ್ಯಾಹ್ನ ಮೂರೂಕಾಲಿಗೆ ಮುಗಿಯಿತು. ಹೊಲಿಗೆಗೆ ಕೈ ಸಾಲದೆ ನನಗೂ ಹೇಳಿ ಕಳಿಸಿದ್ದರು. ಬ್ರೈಲ್ ಪುಸ್ತಕವನ್ನು ಒತ್ತಿ ಕಟ್ಟುವಂತಿಲ್ಲ, ಒತ್ತಿದರೆ ಚುಕ್ಕಿ ಕೂತುಬಿಡುತ್ತದೆ. ಸಡಿಲವಾಗಿ, ಗಾಳಿ ಆಡುವಂತೆ ಹೊಲಿಯಬೇಕು. ಪ್ರೆಸ್ಸಿನ ಈಗಿನ ಇಬ್ಬರು ಬೈಂಡರುಗಳೂ ನಾನೂ ಹೊಲಿಯುತ್ತಾ ಹೋದೆವು, ಪ್ರೂಫಕ್ಕ ಪ್ರತಿಯೊಂದು ಪುಸ್ತಕದ ಹದಿನೇಳನೇ ಪುಟ ತೆಗೆದು ಒಮ್ಮೆ ಮುಟ್ಟಿ ಪಕ್ಕಕ್ಕಿಟ್ಟರು.

ನಡುವೆ ಕಾಲೇಜಿನ ಅಟೆಂಡರ್ ತಾವಾಗಿಯೇ ಫೋನು ಮಾಡಿದರು. "ಏನಮ್ಮ, ಸಿಕ್ತಾ ಕನ್ನಡಿ?"

"ಸಿಕ್ತು ಅಣ್ಣ. ಮೂರು ಬಿ ಅಂದಿದ್ರಲ್ಲ, ನಾನು ಮೂವತ್ತೆರಡು ಮಾಡ್ಕೊಂಡಿದ್ದೆ."

"ಮೂರು ಸಲ ಹೇಳಿದ್ನಲ್ಲಮ್ಮ, ಬಿ, ಬಿ, ಬಿ ಅಂತ."

"ಹೇಳಿದ್ರಿ. ನನ್ನ ಬೆರಳಿಗೆ ಕೇಳಿಸಲಿಲ್ಲ."

ಈಗ ಆ ಪಟ್ಟಿಯ ತಲೆಯ ಮೇಲೆ ಹ್ಯಾಶ್ ಹಾಕಿದ ಒಂದು ಮಲಗಿದ ಸಾಲು ಇದೆ. ಪ್ರೂಫಕ್ಕನೇ ಬರೆಸಿದ್ದು. ಕಂಪ್ಯೂಟರ್ ಅದನ್ನು ಓದುವುದಿಲ್ಲ, ಮುಂದೆ ಈ ಕುರ್ಚಿಗೆ ಬರುವವರು ಓದಬೇಕು. 'ಮೂವತ್ತೆರಡು ಅಲ್ಲ. ಮೂರು, ಪಕ್ಕದಲ್ಲಿ ಬಿ. ತಪ್ಪು ಪ್ರೂಫ್ ರೀಡರ್‌ದು.' ತಮ್ಮ ತಪ್ಪನ್ನು ತಾವೇ ಬರೆದಿಟ್ಟವರನ್ನು ನಾನು ಹೆಚ್ಚು ಮಂದಿ ನೋಡಿಲ್ಲ. ಯಾಕೆ ಬರೆಸಿದಿರಿ ಎಂದು ಕೇಳಿದೆ.

"ಇಷ್ಟು ವರ್ಷ ಎಲ್ಲರ ಪುಟಕ್ಕೂ ಸೂಜಿ ಚುಚ್ಚಿದೀನಿ. ನನ್ನದಕ್ಕೆ ಒಂದು ಬೇಡ್ವಾ?" ಎಂದರು. ಸೂಜಿಯ ಡಬ್ಬಿ ಮುಚ್ಚುತ್ತಾ, "ಆದ್ರೂ ಹಿಡಿದಿದ್ದು ನಾನೇ, ಅದೂ ಬರೆಸಬೇಕಿತ್ತು" ಎಂದು ನಕ್ಕರು.

ಮೂವತ್ತೊಂದು ಮಕ್ಕಳೂ ಗಣಿತದಲ್ಲೇ ಉಳಿದರು. ಒಬ್ಬರ ಹೆಸರೂ ಬದಲಿ ವಿಷಯಕ್ಕೆ ಹೋಗಲಿಲ್ಲ. ಕಚೇರಿಯ ಕಾಗದದಲ್ಲಿ ಪ್ರೆಸ್ಸಿಗೆ ಧನ್ಯವಾದ ಬಂದಿತ್ತು, ಪ್ರೆಸ್ಸಿನ ಹೆಸರಿಗೆ. ಅದನ್ನು ಓದಿ ಹೇಳಿದಾಗ ಪ್ರೂಫಕ್ಕ, "ಒಂದು ಕಡೆ ಪೂರ್ಣವಿರಾಮ ಬಿಟ್ಟಿದಾರಲ್ಲ" ಎಂದರು, ಅಷ್ಟೇ.

ಆ ಶುಕ್ರವಾರ ಬೆಳಗ್ಗೆ ಪುಸ್ತಕಗಳನ್ನು ಶಾಲೆಗಳಿಗೆ ಒಯ್ಯುವ ವ್ಯಾನು ಬಾಗಿಲಿಗೆ ಬಂತು. ಪುಸ್ತಕದ ಕಟ್ಟುಗಳನ್ನು ನಿಲ್ಲಿಸಿ ಜೋಡಿಸಿದರು. ಡ್ರೈವರ್ ಗಾಡಿ ಚಾಲೂ ಮಾಡಿದ ಹೊತ್ತಿಗೆ ಪ್ರೂಫಕ್ಕ ಮೇಜು ಬಿಟ್ಟು ಎದ್ದು ಬಂದರು, ಗೋಡೆ ಹಿಡಿದು, ಮೆಟ್ಟಿಲು ಎಣಿಸಿಕೊಂಡು.

"ನೀವ್ಯಾಕಮ್ಮ ಹೋಗೋದು, ಡ್ರೈವರ್ ಇದಾನಲ್ಲ" ಎಂದರು ಮ್ಯಾನೇಜರ್.

"ಇಪ್ಪತ್ತಾರು ವರ್ಷದಿಂದ ಪುಟ ಕಳಿಸ್ತಾ ಇದೀನಿ ಸಾರ್. ಅತ್ಲಾಗೆ ಏನಾಗುತ್ತೆ ಅಂತ ಒಂದು ಸಲಾನೂ ಕೇಳಿಲ್ಲ. ಒಂದು ಕೋಣೇಲಿ ಅಷ್ಟು ಮಕ್ಕಳು ಒಟ್ಟಿಗೆ ಲೆಕ್ಕದ ಪುಸ್ತಕದ ಮೇಲೆ ಬೆರಳು ಓಡಿಸಿದ್ರೆ ಹೆಂಗೆ ಸದ್ದಾಗುತ್ತೆ ಅಂತ ಕೇಳ್ಬೇಕು. ಅಷ್ಟೇ. ಸಂಜೆ ಬಂದುಬಿಡ್ತೀನಿ."

ಮ್ಯಾನೇಜರ್ ತಾವೇ ಮುಂದಿನ ಬಾಗಿಲು ತೆಗೆದು ಹಿಡಿದರು. ಆಪರೇಟರ್ ಒಂದು ಪುಸ್ತಕ ತಂದು ಅವರ ತೊಡೆಯ ಮೇಲಿಟ್ಟ. ಗೇಟು ದಾಟುವ ಮೊದಲೇ ಅವರು ಮೊದಲ ಪುಟ ತೆರೆದಿದ್ದರು. ಆರೂಕಾಲಿಗೆ, ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು ಲೆಕ್ಕ ಓದಿಕೊಳ್ಳುತ್ತಾ ಪ್ರೂಫಕ್ಕ ಹೊರಟರು, ಶುಕ್ರವಾರ.